ಅಣುಶಕ್ತಿನಗರದ ಡಿಪ್ಲೊಮಾ: ಕೆಲಸಕ್ಕೆ ಸೇರಿ ವರ್ಷಗಳಾದ ಮೇಲೆ ಒಂದು ವಿಮರ್ಶೆ

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂಬೈಯ ಅಣುಶಕ್ತಿನಗರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ನಡೆಸುವ ಒಂದು ವರ್ಷದ ಡಿಪ್ಲೊಮಾ ಇನ್ ರೇಡಿಯಲಾಜಿಕಲ್ ಫಿಸಿಕ್ಸ್ ನನಗೆ ಅನ್ನ ಕೊಟ್ಟ ಓದು. ಈಗ ಇದೇ ನಗರದ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿಯಾಗಿದ್ದೇನೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ಹೋದಾಗಲೆಲ್ಲ ಹಿರಿಯರೊಬ್ಬರು "ಹಾಗಾದರೆ ನೀವು ಡಾಕ್ಟರೇ?" ಎಂದು ಕೇಳುತ್ತಾರೆ. ಅಲ್ಲ ಎಂದರೆ ಮುಖ ಸಪ್ಪಗಾಗುತ್ತದೆ.

ಅಲ್ಲಿ ಕಲಿತದ್ದರಲ್ಲಿ ಇಂದಿಗೂ ದಿನನಿತ್ಯ ಉಪಯೋಗಕ್ಕೆ ಬರುವುದು ಮಾಪಕವನ್ನು ಅನುಮಾನಿಸುವ ಗುಣ. ನಿಸರ್ಗದ ವಿಕಿರಣ ಎಲ್ಲೆಲ್ಲೂ ಇದೆ. ಅದರ ವಿಶ್ವ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಆದ್ದರಿಂದ ವಿಕಿರಣವನ್ನು ಎಣಿಸುವ ಗೈಗರ್ ಮಾಪಕ ಪೂರ್ತಿ ಸೊನ್ನೆ ತೋರಿಸಿದರೆ ಮೊದಲು ಬ್ಯಾಟರಿ ನೋಡಬೇಕು. ಅದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಪ್ರತಿ ಎಣಿಕೆಯ ನಂತರ ಈ ಮಾಪಕ ಕ್ಷಣಕಾಲ ಕುರುಡಾಗುತ್ತದೆ. ತೀವ್ರ ವಿಕಿರಣದಲ್ಲಿ ಆ ಕುರುಡು ಕ್ಷಣಗಳೇ ಒಂದಕ್ಕೊಂದು ಅಂಟಿಕೊಂಡು, ಮುಳ್ಳು ಏರುವ ಬದಲು ಇಳಿಯಬಹುದು. ಕ್ಯಾನ್ಸರ್ ಚಿಕಿತ್ಸೆಯ ಲೀನಿಯರ್ ಆಕ್ಸಿಲರೇಟರ್‌ನಂತೆ ಮಿಡಿತ ಮಿಡಿತವಾಗಿ ಕಿರಣ ಬಿಡುವ ಯಂತ್ರದ ಬಳಿಯೂ ಅದನ್ನು ನಂಬುವಂತಿಲ್ಲ. ಅಲ್ಲಿಗೆ ಒಂದೊಂದಾಗಿ ಎಣಿಸದೆ ಒಟ್ಟು ವಿಕಿರಣವನ್ನು ಅಳೆಯುವ ಅಯಾನ್ ಚೇಂಬರ್ ಬೇಕು. ಈ ಒಂದು ಪಾಠಕ್ಕೇ ಇಡೀ ವರ್ಷ ಸಾರ್ಥಕ ಎನ್ನುತ್ತೇನೆ.

ಕಾನೂನಿನ ತರಗತಿಯಲ್ಲಿ ಆಕಳಿಸುವವರು 2010ರ ಮಾಯಾಪುರಿ ಪ್ರಕರಣವನ್ನು ಓದಿಕೊಳ್ಳಲಿ. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ್ದ ಹಳೆಯ ಯಂತ್ರದಲ್ಲಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಗುಜರಿ ಅಂಗಡಿ ಸೇರಿ ಒಬ್ಬ ಕಾರ್ಮಿಕನ ಜೀವ ತೆಗೆಯಿತು. ಈ ಕೋಬಾಲ್ಟ್‌ನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಕಾಲ, ಸುಮಾರು 5.27 ವರ್ಷ. ದಶಕಗಳು ಕಳೆದ ಮೇಲೂ ಅದರಲ್ಲಿ ಕೊಲ್ಲುವಷ್ಟು ಶಕ್ತಿ ಉಳಿದಿತ್ತು.

ವಾದ ಮಾಡುವ ಕಲೆಯನ್ನು ಮಾತ್ರ ಯಾವ ಓದೂ ಕಲಿಸುವುದಿಲ್ಲ. ಚಿಕಿತ್ಸಾ ಯಂತ್ರದ 6 ಎಂವಿ (ಮೆಗಾವೋಲ್ಟ್) ಎಕ್ಸ್‌ರೇಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಲು ಸುಮಾರು 35 ಸೆಂಟಿಮೀಟರ್ ಕಾಂಕ್ರೀಟ್ ಬೇಕು. ಅಂಥ ಹಲವು ಪದರಗಳು ಸೇರಿದರೆ ಗೋಡೆಯಾಗುತ್ತದೆ. ಚದರಡಿಗೆ ಚಿನ್ನದ ಬೆಲೆಯಿರುವ ಈ ಊರಿನಲ್ಲಿ ಆ ಗೋಡೆ ಕಂಡ ಆಡಳಿತದವರಿಗೆ ಹೊಟ್ಟೆ ಉರಿಯುತ್ತದೆ. ಇನ್ನು ಸಿಬ್ಬಂದಿ ತಮಗೆ ತಗುಲಿದ ವಿಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯ ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಾರೆ. ಸಿಬ್ಬಂದಿಗೆ ಮಿತಿ ಇರುವುದು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಮೊಳೆಗೆ ತಗುಲಿದ ಪ್ರಮಾಣ ಮನುಷ್ಯನಿಗೆ ತಗುಲಿದ್ದಲ್ಲ ಎಂದು ಪತ್ರ ಬರೆದು ಸಾಬೀತು ಮಾಡುವ ಹೊಣೆ ನಮ್ಮದು.

ಡಿಪ್ಲೊಮಾ ಕೈಗೆ ಬಂದ ಕೂಡಲೇ ಕೆಲಸ ಎಂದುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್, ಅದರ ಮೇಲೆ ಸುರಕ್ಷತಾ ಅಧಿಕಾರಿಯ ಪರೀಕ್ಷೆ. ನಾನು ಇಂಟರ್ನ್ ಆಗಿದ್ದ ಕಡೆ ಹಗಲೆಲ್ಲ ಕಡತ ಹೊರುವ ಕೆಲಸ. ಕೊನೆಯ ರೋಗಿ ಹೊರಟ ಮೇಲಷ್ಟೇ ಯಂತ್ರ ನಮ್ಮ ಕೈಗೆ. ಪರೀಕ್ಷಣೆ ಮುಗಿಸಿ ಕೊನೆಯ ಲೋಕಲ್ ಹಿಡಿಯಲು ಓಡಬೇಕಿತ್ತು. ಹಾಗಾಗಿ ಇಂಟರ್ನ್‌ಶಿಪ್ ಸ್ಥಾನ ಒಪ್ಪಿಕೊಳ್ಳುವ ಮುನ್ನ ಸ್ಟೈಪೆಂಡ್ ಜೊತೆಗೆ ಇನ್ನೊಂದನ್ನೂ ಕೇಳಿ: ಅಲ್ಲಿನ ಅಯಾನ್ ಚೇಂಬರ್‌ಗಳ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆಯ) ಪತ್ರದಲ್ಲಿ ಯಾವ ದಿನಾಂಕವಿದೆ? ಪತ್ರ ತೋರಿಸಲು ತಡಬಡಾಯಿಸಿದರೆ ಬೇರೆ ಆಸ್ಪತ್ರೆ ನೋಡಿಕೊಳ್ಳಿ.