ಹೆಬ್ಬೆರಳ ಗಂಟಿಗೆ ರಾತ್ರಿ ಪಟ್ಟಿಯೋ, ಇನ್‌ಸೋಲೋ?

ಅಮ್ಮನ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿ, ಬುಡದಲ್ಲಿ ಗಂಟು ಎದ್ದಿದೆ. ಗಾಂಧಿ ಬಜಾರ್ ಸುತ್ತಿ ಬಂದ ದಿನ ಕಾಲಿನ ಹರಡೂ ನೋಯುತ್ತದೆ ಅನ್ನುತ್ತಾಳೆ. ನಿಮ್ಮ ಮನೆಯಲ್ಲೂ ಹೀಗಿದ್ದರೆ, ಕೊಳ್ಳುವ ಮುಂಚೆ ಇಷ್ಟು ನೋಡಿ.

ರಾತ್ರಿ ಕಟ್ಟುವ ಪಟ್ಟಿ ಮಲಗಿದಾಗ ಬೆರಳನ್ನು ನೇರಕ್ಕೆ ಹಿಡಿಯುತ್ತದೆ. ಬಿಚ್ಚಿದರೆ ಬೆರಳು ಮತ್ತೆ ವಾಲುತ್ತದೆ. ನಡೆಯುವಾಗ ಕಾಲಲ್ಲಿ ಇರುವುದೇ ಇಲ್ಲ, ಹರಡಿಗೆ ಅದರಿಂದ ಪ್ರಯೋಜನವಿಲ್ಲ. ಬೆರಳ ಸಂದಿಗೆ ಇಡುವ ಸಿಲಿಕೋನ್ ತುಂಡು ಅಗ್ಗ, ಉಜ್ಜಾಟ ತಪ್ಪಿಸುತ್ತದೆ, ಅಷ್ಟೇ.

ಶೂ ಒಳಗೆ ಪಾದದಡಿ ಇಡುವ ಇನ್‌ಸೋಲ್‌ನ ಕಥೆ ಬೇರೆ. ಪಾದದ ಕಮಾನು ಕುಸಿದವರ ಹಿಮ್ಮಡಿ ಒಳಕ್ಕೆ ವಾಲುತ್ತದೆ. ಆಗ ಹರಡಿನ ಒಳಬದಿಯ ಸ್ನಾಯುರಜ್ಜು ಜಗ್ಗುತ್ತದೆ, ಹೆಬ್ಬೆರಳ ಬುಡಕ್ಕೂ ಭಾರ ಹೆಚ್ಚುತ್ತದೆ. ಕಮಾನಿಗೆ ಆಸರೆ ಕೊಟ್ಟರೆ ಆ ವಾಲಿಕೆ ತಗ್ಗಿ ಎರಡೂ ಕಡೆ ನೋವು ಇಳಿಯಬಹುದು. ಆದರೆ ಕಮಾನು ಮೊದಲೇ ಎತ್ತರವಿದ್ದು ಪಾದ ಹೊರಕ್ಕೆ ವಾಲುವವರಿಗೆ ಇದೇ ಆಸರೆ ತಿರುಗುಬಾಣ; ಹರಡು ಉಳುಕುವ ಭಯವಿದೆ. ಹಾಗಾಗಿ ನಡಿಗೆ ನೋಡಿಸದೆ ಕೊಳ್ಳಬೇಡಿ.

ನಾನಾದರೆ ಮೊದಲು ರೆಡಿಮೇಡ್ ಇನ್‌ಸೋಲ್, ಅದು ಹೊಂದದಿದ್ದರೆ ಮಾತ್ರ ಅಚ್ಚು ತೆಗೆದು ಮಾಡಿಸುವುದು. ಚಪ್ಪಲಿಯಲ್ಲಿ ಎರಡೂ ಕೂರುವುದಿಲ್ಲ. ಮುಂಭಾಗ ಅಗಲವಿರುವ ಶೂ ಬೇಕೇ ಬೇಕು. ವಾಲಿದ ಎಲುಬನ್ನು ಇವ್ಯಾವುವೂ ನೆಟ್ಟಗೆ ಮಾಡವು, ಅದಕ್ಕೆ ಆಪರೇಷನ್ನೇ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ಹಾಕಿಕೊಳ್ಳಬೇಡಿ, ಹುಣ್ಣಾದರೂ ಗೊತ್ತಾಗುವುದಿಲ್ಲ.