ಫಿ ಫಿ ದ್ವೀಪದ ಮಂಕಿ ಬೀಚ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಓದಿ

ಫುಕೆಟ್, ಕ್ರಾಬಿ ಕಡೆ ಟ್ರಿಪ್ ಹಾಕಿಕೊಂಡಿರುವವರಿಗೆ, ಅದರಲ್ಲೂ ಮಕ್ಕಳ ಜೊತೆ ಹೋಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮೂರು ವಾರದ ಹಿಂದೆ ಥಾಯ್ಲೆಂಡಿನ ಮಂಕಿ ಬೀಚ್‌ನಲ್ಲಿ ನನ್ನ ಒಂಬತ್ತು ವರ್ಷದ ಮಗಳಿಗೆ ಕೋತಿ ಕಚ್ಚಿತು. ಈಗ ಆರಾಮಾಗಿದ್ದಾಳೆ. ಆದರೆ ಅವತ್ತು ದೋಣಿಯಲ್ಲಿ ಒಬ್ಬರು ಗಟ್ಟಿಯಾಗಿ ಹೇಳದೆ ಇದ್ದಿದ್ದರೆ ನಾವು ಇಂಜೆಕ್ಷನ್ನೇ ಹಾಕಿಸದೆ ಊರಿಗೆ ಬಂದುಬಿಡುತ್ತಿದ್ದೆವು. ನನ್ನನ್ನು ಹೆದರಿಸುತ್ತಿರುವುದು ಕಚ್ಚಿದ್ದಕ್ಕಿಂತ ಜಾಸ್ತಿ ಅದೇ.

ಫುಕೆಟ್‌ನಿಂದ ಒಂದು ದಿನದ ಸ್ಪೀಡ್‌ಬೋಟ್ ಟೂರು. ನಾನು, ನಮ್ಮೆಜಮಾನರು, ಅತ್ತೆ, ಮಗಳು. ಮೊದಲು ಹೋಗಿದ್ದು ಫಿ ಫಿ ಲೇ ಎಂಬ ಚಿಕ್ಕ ದ್ವೀಪದ ಮಾಯಾ ಬೇ ಕಡಲತೀರಕ್ಕೆ. ಜನ ಜಾಸ್ತಿಯಾಗಿ ಹವಳವೆಲ್ಲ ಹಾಳಾಯಿತು ಎಂದು 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ಮತ್ತೆ ತೆರೆದ ಜಾಗ ಅದು. ದೋಣಿಗಳು ಹಿಂದಿನ ಕಡೆಯಿಂದಲೇ ಬರಬೇಕು, ನೀರಿಗಿಳಿದು ಈಜುವ ಹಾಗಿಲ್ಲ. ಅಲ್ಲಿನ ಕಟ್ಟುನಿಟ್ಟು ನೋಡಿ ಇಡೀ ಟೂರೇ ಹೀಗೆ ಇರುತ್ತದೆ ಎಂದು ನಂಬಿದೆವು.

ಮಂಕಿ ಬೀಚ್ ಇರುವುದು ಪಕ್ಕದ ದೊಡ್ಡ ದ್ವೀಪ ಫಿ ಫಿ ಡಾನ್‌ನಲ್ಲಿ. ಹಿಂದೆ ಕಡಿದಾದ ಸುಣ್ಣಕಲ್ಲಿನ ಬಂಡೆ, ಗಿಡಗಂಟಿ, ಮುಂದೆ ಒಂದಿಷ್ಟು ಬಿಳಿ ಮರಳು. ದೋಣಿ ಸದ್ದು ಕೇಳಿದ್ದೇ ತಡ, ಕೋತಿಗಳು ಇಳಿದು ಬಂದವು. ಗೈಡ್ ಬಾಳೆಹಣ್ಣು ಹಂಚಿದ. "ವೆರಿ ಫ್ರೆಂಡ್ಲಿ, ನೋ ಪ್ರಾಬ್ಲಂ" ಎಂದ. ಅತ್ತೆ ಕೈ ಮುಗಿದು, "ಪುಟ್ಟಿ, ಒಂದು ಹಣ್ಣು ಕೊಡಮ್ಮ, ಹನುಮಂತ ಅಲ್ವಾ" ಅಂದರು. ನಾನೂ ಬೇಡ ಅನ್ನಲಿಲ್ಲ. ಚಾಮುಂಡಿ ಬೆಟ್ಟ, ನಂದಿ ಬೆಟ್ಟದಲ್ಲಿ ಕೋತಿ ನೋಡಿಕೊಂಡೇ ಬೆಳೆದವರು ನಾವು. ಕೋತಿ ಬಗ್ಗೆ ಗೊತ್ತು ಎಂಬ ಧೈರ್ಯ ಇತ್ತು.

ಒಂದು ಮರಿ ಬಂದು ಹಣ್ಣು ತೆಗೆದುಕೊಂಡು ಹೋಯಿತು. ಮಗಳಿಗೆ ಖುಷಿಯೋ ಖುಷಿ. ಹಿಂದೆಯೇ ದೊಡ್ಡ ಗಂಡು ಕೋತಿ ಬಂತು. ಅವಳನ್ನೇ ದಿಟ್ಟಿಸಿ ನೋಡಿ ಬಾಯಿ ತೆರೆಯಿತು. ಅದು ನಗುತ್ತಿದೆ ಎಂದುಕೊಂಡು ಇವಳೂ ಹಲ್ಲು ಬಿಟ್ಟು ನಕ್ಕಳು. ಕೋತಿಗಳ ಲೆಕ್ಕದಲ್ಲಿ ಬಾಯಿ ತೆರೆದು ದಿಟ್ಟಿಸುವುದು ಬೆದರಿಕೆ ಎಂದು ನನಗೆ ಆಮೇಲೆ ತಿಳಿಯಿತು. ಒಂದೇ ನೆಗೆತ. ಇವಳು ಕೈ ಹಿಂದಕ್ಕೆ ಎಳೆದುಕೊಂಡಳು, ಅದು ಮೊಣಕೈ ಕೆಳಗೆ ಬಾಯಿ ಹಾಕಿತು. ಎರಡು ಸಣ್ಣ ತೂತು, ಸ್ವಲ್ಪ ರಕ್ತ, ಅಷ್ಟೇ. ನನಗೆ ಕೈಕಾಲೇ ಆಡಲಿಲ್ಲ.

ಗೈಡ್ ಬಾಟಲಿ ನೀರು ಸುರಿದು, ಬೆಟಾಡಿನ್ ಹಚ್ಚಿ, ಪಟ್ಟಿ ಕಟ್ಟಿದ. ಇವು ಬೀಚ್ ಕೋತಿಗಳು, ಇವಕ್ಕೆ ರೇಬೀಸ್ ಇರುವುದಿಲ್ಲ, ಹೀಗೆ ದಿನಾ ಆಗುತ್ತಿರುತ್ತದೆ ಎಂದ. ದಿನಾ ಆಗುವ ವಿಷಯವನ್ನು ಹಣ್ಣು ಕೈಗೆ ಕೊಡುವ ಮುಂಚೆ ಹೇಳಬೇಕಿತ್ತು. ಆ ಟೂರ್ ಕಂಪನಿಯ ಹೆಸರು ಹಾಕುತ್ತಿಲ್ಲ. ಪಕ್ಕದ ದೋಣಿಯವರ ಕೈಯಲ್ಲೂ ಬಾಳೆಹಣ್ಣಿತ್ತು.

ನಮ್ಮ ದೋಣಿಯಲ್ಲಿ ಒಬ್ಬರು ಮಲಯಾಳಿ ನರ್ಸ್ ಇದ್ದರು. ಅವರು ಪಟ್ಟಿ ಬಿಚ್ಚಿಸಿದರು. ಅದೇ ದ್ವೀಪದ ಟೋನ್ಸಾಯ್ ಊರಿನಲ್ಲಿ ಊಟಕ್ಕೆ ಇಳಿದ ತಕ್ಷಣ ನಲ್ಲಿ ಕೆಳಗೆ ಕೈ ಹಿಡಿಸಿ, ಗಡಿಯಾರ ನೋಡಿಕೊಂಡು 15 ನಿಮಿಷ ಸೋಪು ಹಾಕಿ ತೊಳೆಸಿದರು. ಮಗಳು ಅಳುತ್ತಿದ್ದಳು, ಅವರು ಬಿಡಲಿಲ್ಲ. "ಬರೀ ವ್ಯಾಕ್ಸಿನ್ ಸಾಕಾಗುವುದಿಲ್ಲ, ಸೀರಮ್ ಕೂಡ ಕೇಳಿ" ಎಂದು ನನ್ನ ಫೋನಿನಲ್ಲಿ ಬರೆದುಕೊಟ್ಟರು. ಅವರಿಗೆ ನಾನು ಏನು ಕೊಟ್ಟರೂ ಕಡಿಮೆಯೇ.

ಈ ಸೀರಮ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ವ್ಯಾಕ್ಸಿನ್ ಹಾಕಿದ ಮೇಲೆ ದೇಹ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ವೈರಸ್ ತಡೆಯಲು ಗಾಯದ ಒಳಗೆ, ಸುತ್ತ ಹಾಕುವ ಔಷಧಿಯೇ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್. ತೂಕ ನೋಡಿ ಡೋಸ್ ಹಾಕುತ್ತಾರೆ. ಚರ್ಮ ತೂತಾಗಿ ರಕ್ತ ಬಂದಿದ್ದರೆ ಇದು ಬೇಕೇ ಬೇಕು. ತೂತು ಚಿಕ್ಕದಾ ದೊಡ್ಡದಾ ಎಂಬುದು ಲೆಕ್ಕಕ್ಕಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ದ್ವೀಪದ ಆಸ್ಪತ್ರೆಯಲ್ಲಿ ಅವತ್ತು ವ್ಯಾಕ್ಸಿನ್ ಹಾಕಿದರು, ಟೆಟನಸ್ ಹಾಕಿದರು. ಸೀರಮ್ ಸಿಕ್ಕಿದ್ದು ರಾತ್ರಿ ಫುಕೆಟ್‌ನಲ್ಲಿ, ಎರಡನೇ ಆಸ್ಪತ್ರೆಯಲ್ಲಿ. ಗಾಯದೊಳಗೆ ಸೂಜಿ ಹೋಗುವಾಗ ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಅಲ್ಲಿನ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಈ ಜಾತಿಯ ಕೋತಿಗಳ ಎಂಜಲಿನಲ್ಲಿ ಬಿ ವೈರಸ್ ಎಂಬುದೂ ಇರಬಹುದು. ಮನುಷ್ಯರಿಗೆ ಬರುವುದು ತೀರಾ ಅಪರೂಪ, ಬಂದರೆ ಮೆದುಳಿಗೆ ಹೋಗುತ್ತದೆ. ಕೆಲವು ವಾರ ಜ್ವರ, ಗಾಯದ ಹತ್ತಿರ ಗುಳ್ಳೆ ಬರುತ್ತದಾ ನೋಡಿಕೊಳ್ಳಿ ಎಂದರು. ದಿನಾ ಬೆಳಿಗ್ಗೆ ಅವಳ ಹಣೆ ಮುಟ್ಟಿ ನೋಡುವುದೇ ನನ್ನ ಕೆಲಸವಾಗಿದೆ.

ಕೋತಿಗಳ ಮೇಲೆ ನನಗೆ ಸಿಟ್ಟಿಲ್ಲ. ಉದ್ದ ಬಾಲದ ಈ ಕೋತಿಗಳು ಸುಮ್ನೆ ಬಿಟ್ಟರೆ ಹಣ್ಣು, ಏಡಿ ತಿಂದುಕೊಂಡು ಇರುತ್ತವೆ. ಅದೇ ಅಂಡಮಾನ್ ಸಮುದ್ರದ ಕೆಲವು ಥಾಯ್ ದ್ವೀಪಗಳಲ್ಲಿ ಕಲ್ಲು ಹಿಡಿದು ಸಿಂಪಿ ಒಡೆದು ತಿನ್ನುವಷ್ಟು ಜಾಣ ಜಾತಿ. 2022ರಲ್ಲಿ ಇವುಗಳನ್ನು ಅಳಿವಿನಂಚಿನ ಪಟ್ಟಿಗೂ ಸೇರಿಸಿದ್ದಾರೆ. ಮನುಷ್ಯರ ಕೈ ಎಂದರೆ ಊಟ ಎಂದು ಕಲಿಸಿದವರು ನಮ್ಮಂಥ ಪ್ರವಾಸಿಗರು. ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಣಿಗಳಿಗೆ ತಿಂಡಿ ಹಾಕುವುದು ಕಾನೂನಿಗೆ ವಿರುದ್ಧ, ಫಿ ಫಿ ದ್ವೀಪಗಳ ಬಹುಪಾಲು ಅಂಥ ಉದ್ಯಾನಕ್ಕೇ ಸೇರಿದೆ.

ನಿಮ್ಮ ಟೂರ್ ಪಟ್ಟಿ ತೆಗೆದು ನೋಡಿ. ಮಂಕಿ ಬೀಚ್ ಇದ್ದರೆ ದೋಣಿಯಿಂದಲೇ ನೋಡುತ್ತೇವೆ, ಇಳಿಯುವುದಿಲ್ಲ ಎಂದು ಬುಕ್ ಮಾಡುವಾಗಲೇ ಹೇಳಿ. ದೋಣಿ ದಡಕ್ಕೆ ತಾಗಿದರೆ ಅವು ಹತ್ತಿಯೂ ಬರುತ್ತವೆ, ಈಜಲೂ ಬಲ್ಲವು. ಚಿಪ್ಸ್, ಜ್ಯೂಸ್, ಪ್ಲಾಸ್ಟಿಕ್ ಕವರ್ ಎಲ್ಲ ಚೀಲದೊಳಗಿರಲಿ. ಏನಾದರೂ ಆಗಿಯೇ ಹೋದರೆ ಅಲ್ಲಿ ಆಂಬುಲೆನ್ಸ್‌ಗೆ 1669, ಪ್ರವಾಸಿ ಪೊಲೀಸರಿಗೆ 1155. ಯಾವ ದಿನ ಯಾವ ಇಂಜೆಕ್ಷನ್ ಆಯಿತು ಎಂಬ ಚೀಟಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ, ಇಲ್ಲಿ ಮುಂದುವರಿಸಲು ಅದೇ ಬೇಕು. ನಮಗೆ ಮೂರನೇ ದಿನದ್ದು ಫುಕೆಟ್‌ನಲ್ಲಿ ಆಯಿತು, ಏಳನೇ ದಿನದ್ದು ಬೆಂಗಳೂರಿನಲ್ಲಿ. ಎರಡೂ ತೋಳಿಗೆ ಚರ್ಮದೊಳಗೆ ಸ್ವಲ್ಪ ಸ್ವಲ್ಪ ಹಾಕುವ ಪದ್ಧತಿ. ಥಾಯ್ ರೆಡ್ ಕ್ರಾಸ್‌ನವರು ರೂಪಿಸಿದ್ದಂತೆ, ನಮ್ಮ ಸರಕಾರಿ ಆಸ್ಪತ್ರೆಗಳಲ್ಲೂ ಇದೇ ಇದೆ.

ಅತ್ತೆ ಇವತ್ತಿಗೂ "ನಾನೇ ಕೊಡು ಅಂದೆ" ಎಂದು ಕಣ್ಣೀರು ಹಾಕುತ್ತಾರೆ. 28ನೇ ದಿನದ ಕೊನೆಯ ಇಂಜೆಕ್ಷನ್ ಬರುವ ಗುರುವಾರ ಇದೆ. ಅವರೇ ಜೊತೆಗೆ ಬರುತ್ತಾರಂತೆ.