ಹೊರಡುವ ದಿನದ ಲೆಕ್ಕ: ವರ್ಡ್‌ಪ್ರೆಸ್, ಡ್ರುಪಲ್, ಘೋಸ್ಟ್, ಹ್ಯೂಗೊ

ನಾನು ನೋಡಿಕೊಳ್ಳುವ ಜಾಲತಾಣದಲ್ಲಿ 400ಕ್ಕೂ ಹೆಚ್ಚು ಲೇಖನಗಳಿವೆ. ಎಂಟು ಜನ ಬರೆಯುತ್ತಾರೆ, ಇಬ್ಬರು ತಿದ್ದುತ್ತಾರೆ, ಸರ್ವರ್ ಕೈಕೊಟ್ಟರೆ ಎದ್ದು ಕೂರುವವಳು ನಾನೊಬ್ಬಳೇ. ಹತ್ತು ವರ್ಷದಿಂದ ವರ್ಡ್‌ಪ್ರೆಸ್‌ನಲ್ಲೇ ನಡೆದುಬಂದ ತಾಣ ಇದು. ಇದನ್ನು ಅಲ್ಲೇ ಉಳಿಸುವುದೋ, ಬೇರೆ ಕಡೆ ಒಯ್ಯುವುದೋ ಎಂಬ ಮಾತು ಬಂದಾಗ ಯಾರದೋ ಹೊಗಳಿಕೆ ನಂಬಿ ತೀರ್ಮಾನಿಸಲು ಮನಸ್ಸು ಒಪ್ಪಲಿಲ್ಲ. ಅವೇ ಲೇಖನಗಳನ್ನು, ಅವೇ ಚಿತ್ರಗಳನ್ನು ವರ್ಡ್‌ಪ್ರೆಸ್, ಡ್ರುಪಲ್, ಘೋಸ್ಟ್, ಹ್ಯೂಗೊ ನಾಲ್ಕಕ್ಕೂ ಹಾಕಿ ಒಂದೊಂದನ್ನೂ ಸುಮಾರು ಒಂದೂವರೆ ತಿಂಗಳು ಬಳಸಿದೆ. ನಾಲ್ಕೂ ಜಾಲತಾಣ ಕಟ್ಟಿ ನಡೆಸುವ ಮುಕ್ತ ತಂತ್ರಾಂಶಗಳು. ಕೋಡ್ ನೋಡಬಹುದು, ತಿದ್ದಬಹುದು, ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು.

ಬರೆಯಲು ಎಷ್ಟು ಸಲೀಸು, ಅಪ್‌ಡೇಟ್ ಮಾಡಲು ಎಷ್ಟು ಕಷ್ಟ ಎಂಬುದನ್ನೆಲ್ಲ ನೋಡಿದೆ. ಆದರೆ ಹೆಚ್ಚು ತೂಕ ಕೊಟ್ಟಿದ್ದು ಬೇರೆ ಪ್ರಶ್ನೆಗೆ. ನಾಳೆ ಇದನ್ನು ಬಿಟ್ಟು ಹೊರಟರೆ ನಮ್ಮ ಬರಹ ಯಾವ ಸ್ಥಿತಿಯಲ್ಲಿ ಕೈಗೆ ಬರುತ್ತದೆ? ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಅದರೊಳಗಿನ ಬರಹವೂ ಬಿಡುಗಡೆಯಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ.

ವರ್ಡ್‌ಪ್ರೆಸ್ ಹುಟ್ಟಿದ್ದೇ ಇಂಥದೊಂದು ಸಂಕಟದಿಂದ. ಬಿ2 ಎಂಬ ತಂತ್ರಾಂಶದ ಕೆಲಸ ನಿಂತುಹೋಗಿತ್ತು. ಅದರ ಕೋಡ್ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಇದ್ದುದರಿಂದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಯಾರ ಅಪ್ಪಣೆಯನ್ನೂ ಕಾಯದೆ ಅದನ್ನೇ ಮುಂದುವರಿಸಿದರು. 2003ರ ಮೇ 27ಕ್ಕೆ ಮೊದಲ ಆವೃತ್ತಿ ಬಂತು. ಮರುವರ್ಷ ಆಗಿನ ಜನಪ್ರಿಯ ತಂತ್ರಾಂಶ ಮೂವೆಬಲ್ ಟೈಪ್ ತನ್ನ ಪರವಾನಗಿಯ ಷರತ್ತು ಬದಲಿಸಿತು. ಬೇಸತ್ತವರು ಗಂಟುಮೂಟೆ ಕಟ್ಟಿ ವರ್ಡ್‌ಪ್ರೆಸ್ ಕಡೆ ನಡೆದರು. ಅದೇ 2004ರ ಮೇ ತಿಂಗಳಲ್ಲಿ ಹೊಸ ಸೌಲಭ್ಯಗಳನ್ನು ಬಿಡಿಯಾಗಿ ಸೇರಿಸಿಕೊಳ್ಳುವ ಪ್ಲಗಿನ್ ವ್ಯವಸ್ಥೆಯೂ ಬಂದಿತ್ತು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕು ಇದರ ಮೇಲೆಯೇ ನಿಂತಿವೆ.

ಇಷ್ಟು ಜನ ಯಾಕೆ ಇದನ್ನು ಹಿಡಿದುಕೊಂಡಿದ್ದಾರೆ ಎನ್ನುವುದು ಬಳಸಿದವರಿಗೆ ಗೊತ್ತು. ನಮ್ಮ ತಾಣದ ಮೊಟ್ಟಮೊದಲ ಲೇಖನ ಇಂದಿಗೂ ಒಂದಕ್ಷರ ಆಚೀಚೆಯಾಗದೆ ತೆರೆದುಕೊಳ್ಳುತ್ತದೆ. ಹಳೆಯದನ್ನು ಮುರಿಯಬಾರದು ಎಂಬ ಹಟ ಈ ತಂಡಕ್ಕಿದೆ. 2013ರ ಅಕ್ಟೋಬರ್‌ನ 3.7ನೇ ಆವೃತ್ತಿಯಿಂದ ಸಣ್ಣ ಸುರಕ್ಷತಾ ಅಪ್‌ಡೇಟ್‌ಗಳು ತಾವಾಗಿಯೇ ಕೂರುತ್ತವೆ. ನನ್ನಂಥ ಒಂಟಿ ನಿರ್ವಾಹಕರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಬೇರೆ ಯಾವ ತಂತ್ರಾಂಶವೂ ಮಾಡಿಲ್ಲ.

2018ರ ಡಿಸೆಂಬರ್ 6ರಂದು 5.0 ಬಂದು ಬರೆಯುವ ಪುಟವೇ ಬದಲಾಯಿತು. ಗುಟೆನ್‌ಬರ್ಗ್ ಎಂಬ ಹೊಸ ಎಡಿಟರ್‌ನಲ್ಲಿ ಪ್ರತಿ ಪ್ಯಾರಾವೂ ಒಂದು ಬ್ಲಾಕ್. ನಮ್ಮ ಹಿರಿಯ ಸಂಪಾದಕರು ಒಂದು ವಾರ ನೋಡಿ, "ಇಟ್ಟಿಗೆ ಜೋಡಿಸುವ ಕೆಲಸ ನನಗೆ ಬೇಡಮ್ಮ, ನನ್ನ ಹಳೇ ಪುಟ ಕೊಡು" ಎಂದರು. ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿಕೊಟ್ಟೆ, ಅವರು ಈಗಲೂ ಅದರಲ್ಲೇ ಇದ್ದಾರೆ. ನನ್ನ ಅಭಿಪ್ರಾಯ ಮಾತ್ರ ಬದಲಾಗಿದೆ. ಚಿತ್ರ, ಉದ್ಧರಣೆ, ಅಡಿಟಿಪ್ಪಣಿ ಬೆರೆತ ಉದ್ದನೆಯ ಲೇಖನಕ್ಕೆ ಬ್ಲಾಕ್‌ಗಳೇ ಅನುಕೂಲ. ಮೊದಲಾದರೆ ಇವಕ್ಕೆಲ್ಲ ಒಂದೊಂದು ಪ್ಲಗಿನ್ ಬೇಕಿತ್ತು.

ಹೊರಡುವಾಗಿನ ಪೆಟ್ಟು ಬಿದ್ದದ್ದು ಆ ಪ್ಲಗಿನ್‌ಗಳಿಂದಲೇ. ಪರೀಕ್ಷೆ ಶುರು ಮಾಡುವಾಗ ನಮ್ಮ ತಾಣದಲ್ಲಿ 31 ಪ್ಲಗಿನ್‌ಗಳಿದ್ದವು. ಚಿತ್ರಮಾಲೆ ತೋರಿಸುವ ಒಂದನ್ನು ಮಾಡಿದವರು ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಪ್ರಯೋಗಕ್ಕೆಂದು ಅದನ್ನು ನಿಲ್ಲಿಸಿದೆ. 70 ಲೇಖನಗಳಲ್ಲಿ ಚಿತ್ರಗಳು ಇದ್ದ ಜಾಗದಲ್ಲಿ ಚೌಕ ಆವರಣದೊಳಗೆ ಒಂದು ಹೆಸರು, ಅದರ ಪಕ್ಕ ಒಂದು ಸಂಖ್ಯೆ ಮಾತ್ರ ಉಳಿಯಿತು. ಓದುಗರ ಕಣ್ಣಿಗೆ ಅದು ಅಚ್ಚಿನ ತಪ್ಪು. ಆ ಸಂಖ್ಯೆ ಯಾವ ಚಿತ್ರಗಳಿಗೆ ಸೇರಿದ್ದು ಎಂಬ ಪಟ್ಟಿ ಆ ಪ್ಲಗಿನ್ ಮಾಡಿಕೊಂಡಿದ್ದ ಸ್ವಂತ ಡೇಟಾಬೇಸ್ ಕೋಷ್ಟಕದಲ್ಲಿತ್ತು. ವರ್ಡ್‌ಪ್ರೆಸ್ ಕೊಡುವ ಎಕ್ಸ್‌ಪೋರ್ಟ್ ಫೈಲ್‌ನಲ್ಲಿ ಅಂಥ ಕೋಷ್ಟಕಗಳು ಬರುವುದಿಲ್ಲ. ಚಿತ್ರಗಳೂ ಬರುವುದಿಲ್ಲ, ಅವುಗಳ ವಿಳಾಸ ಮಾತ್ರ ಬರುತ್ತದೆ. ಹೊಸ ಮನೆ ತಲುಪಿ ಚಿತ್ರಗಳನ್ನು ಎಳೆದುಕೊಳ್ಳುವವರೆಗೂ ಹಳೆಯ ತಾಣ ಜೀವಂತವಾಗಿರಬೇಕು. ಗೊತ್ತಿಲ್ಲದೆ ಮೊದಲೇ ಹಳೆಯ ಹೋಸ್ಟಿಂಗ್ ನಿಲ್ಲಿಸಿದವರು ಚಿತ್ರಗಳನ್ನು ಕಳೆದುಕೊಳ್ಳುತ್ತಾರೆ.

ಕನ್ನಡದಲ್ಲಿ ಪ್ರಕಟಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ವರ್ಡ್‌ಪ್ರೆಸ್ ಲೇಖನದ ಕೊಂಡಿಯನ್ನು ಶೀರ್ಷಿಕೆಯಿಂದಲೇ ಮಾಡುತ್ತದೆ, ಅದಕ್ಕೆ ಇಟ್ಟಿರುವ ಜಾಗ 200 ಅಕ್ಷರ. ರೋಮನ್ ಲಿಪಿಯವರಿಗೆ ಅದು ಧಾರಾಳ. ಕನ್ನಡದ ಒಂದು ಚಿಹ್ನೆ ಕೊಂಡಿಯಲ್ಲಿ ಒಂಬತ್ತು ಅಕ್ಷರಗಳ ಜಾಗ ತಿನ್ನುತ್ತದೆ. ಸ್ವರಚಿಹ್ನೆಗೆ ಬೇರೆ ಒಂಬತ್ತು, ಒತ್ತಕ್ಷರ ಕೂಡಿಸುವ ವಿರಾಮಕ್ಕೆ ಮತ್ತೆ ಒಂಬತ್ತು. 22 ಚಿಹ್ನೆ ಮುಗಿಯುವಷ್ಟರಲ್ಲಿ ಜಾಗ ಖಾಲಿ. ನಮ್ಮ ಒಂದು ಲೇಖನದ ಹೆಸರು "ಅಂತರ್ಜಾಲದಲ್ಲಿ ಬರವಣಿಗೆಯ ಬದುಕು". ಕೊಂಡಿಯಲ್ಲಿ ಮೊದಲ ಎರಡು ಪದ ಪೂರ್ತಿ ಇದ್ದವು, ಮೂರನೆಯದರಲ್ಲಿ "ಬ" ಒಂದೇ ಉಳಿದಿತ್ತು. ಕೈಯಲ್ಲಿ ಚಿಕ್ಕ ಕೊಂಡಿ ಬರೆದರೆ ಈ ತೊಂದರೆ ಇಲ್ಲ. ಆದರೆ ಹಳೆಯ 400 ಲೇಖನಗಳಿಗೆ ಆ ಬುದ್ಧಿ ನನಗೆ ಬಂದಿರಲಿಲ್ಲ.

ಇದೇ ಶೀರ್ಷಿಕೆಯನ್ನು ಘೋಸ್ಟ್ ತಾನೇ ರೋಮನ್ ಲಿಪಿಗೆ ಇಳಿಸಿಬಿಟ್ಟಿತು. ಉಚ್ಚಾರಣೆ ಸರಿಬರಲಿಲ್ಲ, ತಿದ್ದಬೇಕಾಯಿತು. ಹ್ಯೂಗೊದಲ್ಲಿ ನಾನು ಕೊಟ್ಟ ಹೆಸರೇ ಕೊಂಡಿ.

ಡ್ರುಪಲ್ ಬಗ್ಗೆ ನನಗೆ ಮೊದಲಿನಿಂದಲೂ ಗೌರವ, ಜೊತೆಗೆ ಸ್ವಲ್ಪ ಭಯ. ಬೆಲ್ಜಿಯಂನ ಡ್ರೀಸ್ ಬೌಟಾರ್ಟ್ ಅದನ್ನು 2001ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ತಾಣಕ್ಕೆ ಡಚ್ ಭಾಷೆಯಲ್ಲಿ ಹಳ್ಳಿ ಎಂಬ ಅರ್ಥದ 'ಡೋರ್ಪ್' ಹೆಸರು ಹುಡುಕುವಾಗ ಬೆರಳು ತಪ್ಪಿ 'ಡ್ರಾಪ್' ಎಂದು ಬಿತ್ತಂತೆ, ಇಂಗ್ಲಿಷಿನಲ್ಲಿ ಅದು ಹನಿ, ಆ ಹನಿಯ ಡಚ್ ಪದವೇ ಮುಂದೆ ಡ್ರುಪಲ್ ಆಯಿತು. ಇದರ ಶಕ್ತಿ ಏನೆಂದು ನನಗೆ ಅರಿವಾದದ್ದು ಅನುವಾದಗಳ ವಿಭಾಗ ಕಟ್ಟುವಾಗ. ಮೂಲ ಲೇಖಕರು, ಅನುವಾದಕರು, ಮೂಲ ಭಾಷೆ, ಪ್ರಕಟವಾದ ವರ್ಷ, ಒಂದೊಂದಕ್ಕೂ ಒಂದು ಫೀಲ್ಡ್, ಅಂದರೆ ಪ್ರತ್ಯೇಕ ಖಾನೆ, ಮಾಡಿದೆ. ಆಮೇಲೆ ಪಟ್ಟಿಗಳನ್ನು ಕಟ್ಟಿಕೊಡುವ ವ್ಯೂಸ್ ಎಂಬ ಸಲಕರಣೆ ತೆರೆದು 'ಒಬ್ಬ ಅನುವಾದಕರ ಎಲ್ಲ ಬರಹ, ವರ್ಷದ ಕ್ರಮದಲ್ಲಿ' ಎಂಬ ಪುಟ ಕಟ್ಟಿದೆ. ಒಂದು ಸಾಲು ಕೋಡ್ ಇಲ್ಲ, ಕಾಲು ಗಂಟೆಯೂ ಹಿಡಿಯಲಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಮೂರು ಪ್ಲಗಿನ್ ಹೊಂದಿಸಿ ಎರಡು ದಿನ ಒದ್ದಾಡಿದ್ದೆ.

ಹೊರಡುವ ಪರೀಕ್ಷೆಯಲ್ಲೂ ಡ್ರುಪಲ್ ಮೇಲುಗೈ. ಅನುವಾದಕರ ಹೆಸರು ಲೇಖನದ ಪಠ್ಯದಲ್ಲಿ ಹೂತುಹೋಗಿರುವುದಿಲ್ಲ, ತನ್ನ ಜಾಗದಲ್ಲಿ ಪ್ರತ್ಯೇಕ ಇರುತ್ತದೆ. 2019ರ 8.7ನೇ ಆವೃತ್ತಿಯಿಂದ ಬೇರೆ ತಂತ್ರಾಂಶಗಳು ಮಾಹಿತಿ ಪಡೆಯುವ ದಾರಿಯಾದ ಜೇಸನ್ ಎಪಿಐ ಮೂಲದಲ್ಲೇ ಇರುವುದರಿಂದ ಎಲ್ಲವನ್ನೂ ಬಿಡಿಬಿಡಿಯಾಗಿ ಹೊರಗೆ ಎಳೆಯಬಹುದು. ನಾಲ್ಕರಲ್ಲಿ ನನ್ನ ಬರಹಕ್ಕೆ ಅತ್ಯಂತ ಮರ್ಯಾದೆ ಕೊಟ್ಟಿದ್ದು ಇದೇ.

ಹಾಗಾದರೆ ಭಯ ಯಾಕೆ? 2014ರ ಅಕ್ಟೋಬರ್ ನೆನಪಿರುವವರಿಗೆ ಗೊತ್ತು. ದೊಡ್ಡದೊಂದು ಸುರಕ್ಷತಾ ದೋಷ ಹೊರಬಿತ್ತು. ಘೋಷಣೆಯಾದ ಏಳು ಗಂಟೆಯೊಳಗೆ ಸರಿಪಡಿಸದ ತಾಣಗಳು ಕೆಟ್ಟವರ ಕೈಸೇರಿವೆ ಎಂದೇ ಭಾವಿಸಿ ಎಂದು ಡ್ರುಪಲ್‌ನ ಸುರಕ್ಷತಾ ತಂಡವೇ ಎಚ್ಚರಿಸಿತು. ಆ ಪ್ರಾಮಾಣಿಕತೆ ದೊಡ್ಡದು, ಆದರೆ ನಿದ್ದೆ ಮಾಡುವವರಿಗೆ ಏಳು ಗಂಟೆ ಎಂದರೆ ಒಂದು ರಾತ್ರಿ. ಅದಕ್ಕಿಂತ ಆಳವಾದ ಗಾಯ 7ರಿಂದ 8ಕ್ಕೆ ಹೋಗುವ ದಾರಿ. 2015ರ ನವೆಂಬರ್‌ನಲ್ಲಿ ಬಂದ 8ನೇ ಆವೃತ್ತಿಯನ್ನು ಸಿಂಫನಿ ಎಂಬ ಸಿದ್ಧ ಕೋಡ್ ಚೌಕಟ್ಟಿನ ಆಧಾರದ ಮೇಲೆ ಹೊಸದಾಗಿ ಕಟ್ಟಿದ್ದರು. ಅಪ್‌ಡೇಟ್ ಎಂದು ಕರೆದರೂ ಅದು ಮನೆ ಕೆಡವಿ ಕಟ್ಟುವ ಕೆಲಸ. ಸಣ್ಣ ತಾಣಗಳು ಅಲ್ಲೇ ಕುಳಿತವು. ಕೊನೆಯ ದಿನಾಂಕ ಮುಂದೆ ಹೋಗುತ್ತ ಹೋಗುತ್ತ 7ರ ಬೆಂಬಲ ನಿಂತದ್ದು 2025ರ ಜನವರಿ 5ಕ್ಕೆ. ಒಪ್ಪದ ಕೆಲವರು 7ರ ದಾರಿಯನ್ನೇ ಹಿಡಿದು ಬ್ಯಾಕ್‌ಡ್ರಾಪ್ ಎಂಬ ಕವಲು ಮಾಡಿಕೊಂಡರು.

ಪಾಠ ಕಲಿತರು ಎನ್ನಬೇಕು. 8ರಿಂದ 9, ಆಮೇಲೆ 10, 11ರವರೆಗಿನ ಹೆಜ್ಜೆಗಳು ಸಣ್ಣವು. 2025ರ ಜನವರಿ 15ರಂದು ಬಂದ ಡ್ರುಪಲ್ ಸಿಎಂಎಸ್ ಕೋಡ್ ಬರೆಯದವರಿಗಾಗಿಯೇ ಮಾಡಿದ್ದು. ನಾನು ಪ್ರಯತ್ನಿಸಿದ್ದು ಅದನ್ನೇ. ಸುದ್ದಿ, ಕಾರ್ಯಕ್ರಮ, ಹುಡುಕಾಟ ಇಂಥವು ಸಿದ್ಧ ರೆಸಿಪಿಗಳಾಗಿ ಬರುತ್ತವೆ, ಬೇಕಾದ್ದು ಆರಿಸಿದರೆ ಸಾಕು. ಮೊದಲ ದಿನ ಮನಸ್ಸು ತುಂಬಿತು. ಎರಡನೇ ವಾರ ಪ್ಲಗಿನ್‌ನಂಥ ಒಂದು ಮಾಡ್ಯೂಲ್ ಸೇರಿಸಲು, ಟೈಪ್ ಮಾಡಿದ ಆಜ್ಞೆಗಳಿಂದ ನಡೆಯುವ ಕಂಪೋಸರ್ ಎಂಬ ಸಲಕರಣೆ ಓಡಿಸಿದಾಗ ನಮ್ಮ ಅಗ್ಗದ ಹೋಸ್ಟಿಂಗ್‌ನ ಮೆಮೊರಿ ಸಾಲದೆ ಕೆಲಸ ಅರ್ಧಕ್ಕೆ ನಿಂತಿತು. ತಂಡದಲ್ಲಿ ಕಮಾಂಡ್ ಲೈನ್ ಬಲ್ಲ ಒಬ್ಬರಾದರೂ ಇಲ್ಲದಿದ್ದರೆ ಡ್ರುಪಲ್‌ಗೆ ಕೈಹಾಕಬೇಡಿ ಎಂದೇ ಈಗಲೂ ಹೇಳುತ್ತೇನೆ.

ಈ ನಾಲ್ಕರ ಹೊರಗೆ, ಇದೇ ಬಗೆಯ ಜೂಮ್ಲಾವನ್ನು ಒಂದೇ ವಾರ ನೋಡಿದೆ. 2005ರಲ್ಲಿ ಮ್ಯಾಂಬೊ ತಂತ್ರಾಂಶದ ಮಾಲೀಕತ್ವದ ಜಗಳದಿಂದ ಬೇರೆಯಾದ ತಂಡ ಅದನ್ನು ಕಟ್ಟಿತು. ಹಲವು ಭಾಷೆಗಳ ವ್ಯವಸ್ಥೆ ಮೂಲದಲ್ಲೇ ಇದೆ, ಅದು ಚೆನ್ನಾಗಿದೆ. ಆದರೆ ಎಲ್ಲವನ್ನೂ ಮೆನುವಿಗೆ ಕಟ್ಟುವ ಅದರ ಕ್ರಮಕ್ಕೂ ನಮ್ಮ ಕೆಲಸದ ರೀತಿಗೂ ಹೊಂದಾಣಿಕೆ ಆಗಲಿಲ್ಲ.

ಘೋಸ್ಟ್ ತೆರೆದ ದಿನ ಬರೆಯುವ ಆಸೆ ಹುಟ್ಟಿತು. ಪುಟದಲ್ಲಿ ಬರಹ ಬಿಟ್ಟು ಬೇರೇನೂ ಇಲ್ಲ. ವರ್ಡ್‌ಪ್ರೆಸ್ ತಂಡದಲ್ಲಿ ಕೆಲಸ ಮಾಡಿದ್ದ ಜಾನ್ ಓನೋಲನ್ 2013ರಲ್ಲಿ ಜನರಿಂದ ಹಣ ಕೂಡಿಸಿ ಶುರು ಮಾಡಿದ ತಂತ್ರಾಂಶ ಇದು. ಒಡೆತನ ಲಾಭಕ್ಕೆ ನಡೆಯದ ಪ್ರತಿಷ್ಠಾನದ್ದು. ವರ್ಡ್‌ಪ್ರೆಸ್‌ಗೆ ಬೇಕಾದ ಪಿಎಚ್‌ಪಿ ಭಾಷೆಯ ಬದಲು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬೇಕು, ಹಾಗಾಗಿ ಎಲ್ಲ ಹೋಸ್ಟಿಂಗ್‌ನಲ್ಲೂ ಕೂರುವುದಿಲ್ಲ. ಪ್ಲಗಿನ್ ವ್ಯವಸ್ಥೆ ಇಲ್ಲವೇ ಇಲ್ಲ. ಮೊದಲು ಕೈ ಕಟ್ಟಿಹಾಕಿದಂತಾಯಿತು, ಚೌಕ ಆವರಣಗಳ ಕಸ ನೆನಪಾದ ಮೇಲೆ ನೆಮ್ಮದಿಯಾಯಿತು. ಓದುಗರ ಸದಸ್ಯತ್ವ, ಚಂದಾ, ಇಮೇಲ್ ಪತ್ರ ಎಲ್ಲ ಒಳಗೇ ಇವೆ. ಆದರೆ ನಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡರೂ ಸಾಮೂಹಿಕ ಇಮೇಲ್‌ಗೆ ಮೇಲ್‌ಗನ್ ಎಂಬ ಹೊರಗಿನ ಸೇವೆಯನ್ನೇ ಜೋಡಿಸಬೇಕಾಯಿತು. ಹೊರಡುವಾಗ ಒಂದು ಜೇಸನ್ ಫೈಲ್ ಸಿಗುತ್ತದೆ. ಪಠ್ಯ ಶುಭ್ರವಾಗಿದೆ, ಚಿತ್ರಗಳನ್ನು ಮಾತ್ರ ಸರ್ವರ್‌ನಿಂದ ಬೇರೆಯಾಗಿ ಇಳಿಸಿಕೊಳ್ಳಬೇಕು. ಅನುವಾದಗಳಂಥ ವಿಭಾಗಕ್ಕೆ ಬೇಕಾದ ಫೀಲ್ಡ್‌ಗಳು ಇಲ್ಲಿಲ್ಲ, ಅಲ್ಲಿಗೆ ನಮ್ಮ ಮಟ್ಟಿಗೆ ಮಾತು ಮುಗಿಯಿತು.

ಹ್ಯೂಗೊ ಮೂರಕ್ಕಿಂತಲೂ ಬೇರೆ ಜಾತಿ. ಸ್ಟೀವ್ ಫ್ರಾನ್ಸಿಯಾ 2013ರಲ್ಲಿ ಹೊರತಂದ ಇದಕ್ಕೆ ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ. ಪ್ರತಿ ಲೇಖನ ಒಂದು ಮಾರ್ಕ್‌ಡೌನ್ ಫೈಲ್, ಅಂದರೆ ಕೆಲವೇ ಗುರುತುಗಳಿರುವ ಸರಳ ಪಠ್ಯ. ಆಜ್ಞೆ ಕೊಟ್ಟರೆ ಇಡೀ ತಾಣ ಸಿದ್ಧ ಪುಟಗಳಾಗಿ ಹೊರಬರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 400 ಲೇಖನಗಳಿಗೆ ಎರಡು ಸೆಕೆಂಡ್ ಹಿಡಿಯಲಿಲ್ಲ. ಸರ್ವರ್‌ನಲ್ಲಿ ಓಡುವ ಕೋಡೇ ಇಲ್ಲದಿರುವುದರಿಂದ ದಾಳಿ ಮಾಡುವವರಿಗೆ ಬಾಗಿಲೂ ಕಡಿಮೆ. ಹೊರಡುವ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಬರಹ ಯಾವಾಗಲೂ ನನ್ನ ಫೋಲ್ಡರ್‌ನಲ್ಲೇ ಇದೆ, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ.

ನನಗೆ ಎಷ್ಟು ಹಿಡಿಸಿತೋ ನಮ್ಮ ಬರಹಗಾರರಿಗೆ ಅಷ್ಟೇ ತೊಡಕಾಯಿತು. ಒಬ್ಬರು ಶೀರ್ಷಿಕೆಯಲ್ಲಿ ಒಂದು ವಿವರಣ ಚಿಹ್ನೆ, ಎರಡು ಚುಕ್ಕಿ, ಹಾಕಿದ್ದರು. ಫೈಲ್‌ನ ತಲೆಯಲ್ಲಿರುವ ವಿವರಗಳ ಭಾಗದಲ್ಲಿ ಆ ಚಿಹ್ನೆಗೆ ಬೇರೆಯೇ ಅರ್ಥವಿದೆ. ಉದ್ಧರಣ ಚಿಹ್ನೆಯೊಳಗೆ ಶೀರ್ಷಿಕೆ ಇಡದಿದ್ದುದರಿಂದ ಇಡೀ ತಾಣದ ನಿರ್ಮಾಣವೇ ನಿಂತಿತು. ಅವರು ಗಾಬರಿಯಾಗಿ, "ನನ್ನಿಂದ ಎಲ್ಲಾ ಹಾಳಾಯ್ತಾ?" ಎಂದು ಫೋನ್ ಮಾಡಿದರು. ಜೀವಮಾನವಿಡೀ ಬರೆದವರನ್ನು ಒಂದು ಚುಕ್ಕಿಗಾಗಿ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ವ್ಯವಸ್ಥೆ ಸಂಪಾದಕೀಯ ತಂಡಕ್ಕೆ ತಕ್ಕದ್ದಲ್ಲ.

ಮುಂದಿನ ದಾರಿಯ ಬಗ್ಗೆ ನನಗೆ ಹೆಚ್ಚು ಯೋಚನೆ ಹಚ್ಚಿದ್ದು ವರ್ಡ್‌ಪ್ರೆಸ್. ಗುಟೆನ್‌ಬರ್ಗ್ ಯೋಜನೆಯ ನಾಲ್ಕು ಹಂತಗಳಲ್ಲಿ ಮೂರನೆಯದು ಹಲವರು ಒಟ್ಟಿಗೆ ಒಂದೇ ಬರಹ ತಿದ್ದುವುದು, ನಾಲ್ಕನೆಯದು ಬಹುಭಾಷೆ. ಬಹುಭಾಷೆ ಕೊನೆಗೆ ಬಿದ್ದದ್ದು ನನಗೆ ಬೇಸರ. ಡ್ರುಪಲ್ ಅದನ್ನು 2015ರಲ್ಲೇ ಮೂಲಕ್ಕೆ ಸೇರಿಸಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಮುಲ್ಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಸಂಸ್ಥೆಯ ನಡುವಿನ ಜಗಳ ಹೊರಬಿದ್ದು, ಆ ಸಂಸ್ಥೆಗೆ ಅಧಿಕೃತ ಅಪ್‌ಡೇಟ್ ಭಂಡಾರದ ಬಾಗಿಲು ಕೆಲಕಾಲ ಮುಚ್ಚಿತು. ಯಾರದು ಸರಿ ಎಂಬುದು ನ್ಯಾಯಾಲಯದ ಮಾತು. ನನಗೆ ಕಂಡದ್ದು ಬೇರೆ. ಕೋಡ್ ಎಲ್ಲರದು, ಆದರೆ ಆ ಕೋಡ್ ನಮ್ಮ ಮನೆಗೆ ಬರುವ ದಾರಿ ಒಂದೇ, ಅದಕ್ಕೊಂದು ಗೇಟು ಇದೆ. 2025ರ ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಫೇರ್ ಎಂಬ ಯೋಜನೆ ಪ್ಲಗಿನ್‌ಗಳನ್ನು ಹಲವು ಕಡೆಯಿಂದ ಪಡೆಯುವ ವ್ಯವಸ್ಥೆಗೆ ಕೈಹಾಕಿತು. ಇದು ಸರಿಯಾದ ದಿಕ್ಕು. ಘೋಸ್ಟ್ ತನ್ನ 6ನೇ ಆವೃತ್ತಿಯಲ್ಲಿ ಬೇರೆ ಬೇರೆ ಜಾಲಗಳ ಓದುಗರು ನೇರವಾಗಿ ಹಿಂಬಾಲಿಸಲು ಬಿಡುವ ಆಕ್ಟಿವಿಟಿಪಬ್ ಎಂಬ ಮುಕ್ತ ವ್ಯವಸ್ಥೆ ಸೇರಿಸಿದ್ದೂ ಅಷ್ಟೇ ಒಳ್ಳೆಯದು. ಓದುಗರನ್ನು ತಲುಪಲು ಯಾವ ಒಂದು ವೇದಿಕೆಯ ಕೃಪೆಯೂ ಬೇಕಾಗುವುದಿಲ್ಲ.

ಆರು ತಿಂಗಳ ಓಡಾಟ ಮುಗಿಸಿ ನಾವು ವರ್ಡ್‌ಪ್ರೆಸ್‌ನಲ್ಲೇ ಉಳಿದಿದ್ದೇವೆ, ಬರೆಯುವ ಎಂಟು ಜನರಿಗಾಗಿ. ಪ್ಲಗಿನ್‌ಗಳು 31ರಿಂದ ಏಳಕ್ಕೆ ಇಳಿದಿವೆ. ಬರಹದೊಳಗೆ ತನ್ನ ಗುರುತು ಬಿಡುವ ಪ್ಲಗಿನ್ ಇನ್ನು ಮುಂದೆ ಬೇಡ ಎಂದು ತೀರ್ಮಾನಿಸಿದ್ದೇವೆ. ಅನುವಾದಗಳ ವಿಭಾಗ ಡ್ರುಪಲ್‌ಗೆ ಹೋಯಿತು, ಅದಕ್ಕೆಂದು ಸ್ವಲ್ಪ ದೊಡ್ಡ ಸರ್ವರ್ ತೆಗೆದುಕೊಂಡೆವು. ಪ್ರತಿ ತಿಂಗಳ ಕೊನೆಗೆ ಎಲ್ಲ ಲೇಖನಗಳನ್ನೂ ಮಾರ್ಕ್‌ಡೌನ್‌ಗೆ ಇಳಿಸಿ, ಚಿತ್ರಗಳ ಸಮೇತ ಹ್ಯೂಗೊದಲ್ಲಿ ಒಂದು ಪ್ರತಿ ಕಟ್ಟಿ ಇಡುತ್ತೇನೆ. ಚಿತ್ರಮಾಲೆಯ 70 ಲೇಖನಗಳಲ್ಲಿ 52 ಸರಿಹೋಗಿವೆ. ಉಳಿದ 18ರ ಚಿತ್ರಗಳಿಗಾಗಿ ಬರೆದವರ ಹಳೆಯ ಕಂಪ್ಯೂಟರ್‌ಗಳಲ್ಲಿ ಹುಡುಕಾಟ ನಡೆದಿದೆ.